ಹೆಚ್ಚಿದ ಕುಂಬಳಕಾಯಿ

ವಾರ್ಷಿಕ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಸಮಿತಿಯ ಮಿತ್ರರು ಕೇಳಿದಾಗ, ಯಾವ ವಿಷಯ ಕುರಿತು ಬರೆಯಲೆಂದು ಎರಡು ದಿನ ಯೋಚಿಸಿದೆ. ಪ್ರಜಾಪ್ರಭುತ್ವ, ವಿದ್ಯಾರ್ಥಿ ಮತ್ತು ಶಿಸ್ತು, ವಿಜ್ಞಾನದ ಮುನ್ನಡೆ ಮೊದಲಾದ ಘನವಾದ ವಿಷಯಗಳನ್ನೆಲ್ಲ ನನಗಿಂತ ಬಲ್ಲವರಾದ ಸಹಪಾಠಿಗಳು ಆಗಲೇ ಹಂಚಿಕೊಂಡುಬಿಟ್ಟಿದ್ದರು. ಉಳಿದದ್ದರಲ್ಲಿ ತೂಕವುಳ್ಳ ವಿಷಯವೆಂದರೆ ನನಗೆ ಕುಂಬಳಕಾಯಿಯೊಂದೇ ತೋರಿತು. ಓದುಗರು ನಗಬಹುದು. ಆದರೆ ನಾನು ನಗಿಸುವುದಕ್ಕೆಂದೇ ಬರೆಯುತ್ತಿಲ್ಲ. ಮನೆಯಲ್ಲಿ ಹೆಚ್ಚಾಗಿ ಬೆಳೆದದ್ದನ್ನು ಹಾಳುಮಾಡದೆ, ತಿನ್ನುವವರಿಗೆ ಬೇಸರವೂ ಬಾರದಂತೆ ಉಂಡು ಮುಗಿಸುವುದು ಒಂದು ವಿದ್ಯೆ. ಆ ವಿದ್ಯೆ ನಮ್ಮ ಮನೆಗಳಲ್ಲಿ ಒಬ್ಬರ ತಲೆಯಲ್ಲಿ, ಒಬ್ಬರ ಕೈಯಲ್ಲಿ ಮಾತ್ರ ಉಳಿದಿದೆ. ಕಾಲೇಜು ಮೆಟ್ಟಿಲು ಹತ್ತಿದ ನಾವು ಅದನ್ನು ಕಲಿಯದೆ ಇರುವುದಷ್ಟೇ ಅಲ್ಲ, ಅದರ ಬಗ್ಗೆ ನಾಚಿಕೊಳ್ಳುತ್ತಿದ್ದೇವೆ. ಇದು ನನ್ನ ಅಭಿಪ್ರಾಯ. ಈ ಅಭಿಪ್ರಾಯಕ್ಕೆ ನಾನು ಬಂದದ್ದು ಪುಸ್ತಕದಿಂದಲ್ಲ, ಒಂದು ತಪ್ಪಿನಿಂದ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಯಾವ ಕುಂಬಳಕಾಯಿ ಎಂಬುದನ್ನು ಸ್ಪಷ್ಟಪಡಿಸಬೇಕು. ಮೈಮೇಲೆ ಬೂದಿ ಬಳಿದಂತಿರುವ ಬೂದುಗುಂಬಳ ಒಂದು. ಒಳಗೆ ಅರಿಸಿನ ಕುಂಕುಮ ಕಲಸಿದ ಬಣ್ಣವಿರುವ ಸಿಹಿಗುಂಬಳ ಇನ್ನೊಂದು. ಎರಡನೆಯದನ್ನು ಮಲೆನಾಡಿನ ಕೆಲವು ಕಡೆ ಚೀನಿಕಾಯಿ ಎನ್ನುತ್ತಾರೆ. ಹೆಸರು ಏನೇ ಹೇಳಲಿ, ಅದು ಚೀನದ್ದಲ್ಲ, ನಮ್ಮ ನಾಡಿನದೂ ಅಲ್ಲ. ಅದರ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸನು ಆ ದಡ ಮುಟ್ಟಿದ ಮೇಲೆಯೇ ಅದು ಕಡಲು ದಾಟಿ ಈ ಕಡೆಗೆ ಬಂದದ್ದು. ಬೂದುಗುಂಬಳವಾದರೋ ಏಷ್ಯಾ ಖಂಡದ ಹಳೆಯ ಒಕ್ಕಲು. ಈಗ ನಮ್ಮ ಅಟ್ಟದ ಮೇಲೆ ಒಕ್ಕಲೂ ನೆಂಟನೂ ಒಂದೇ ಹುಲ್ಲಿನ ಹಾಸಿಗೆಯಲ್ಲಿ ಮಲಗಿದ್ದಾರೆ. ನಾನು ಹೇಳಹೊರಟಿರುವುದು ನೆಂಟನ ಕಥೆ.

ನಮ್ಮದು ಹಾಸನ ಜಿಲ್ಲೆಯಲ್ಲಿ ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಕಡೆಯ ಒಂದು ಹಳ್ಳಿ. 2023ರಲ್ಲಿ ಮಳೆ ಕೈಕೊಟ್ಟದ್ದು ಎಲ್ಲರಿಗೂ ನೆನಪಿದೆ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಸಾರಿತು. ಆ ವರ್ಷ ನಮ್ಮ ಹಿತ್ತಲಿನ ಬಳ್ಳಿಯಲ್ಲಿ ಮೂರು ಕಾಯಿ ಬಿಟ್ಟು, ಮೂರೂ ನಿಂಬೆಯಷ್ಟಾಗಿ ಕೊಳೆತು ಬಿದ್ದವು. 2024ರಲ್ಲಿ ಮಳೆ ಹಿಡಿಯಿತು. ಅವ್ವ ಹಿಂದಿನ ಸಲದ ಹೆದರಿಕೆಯಿಂದ ಎರಡು ಬೀಜ ಹಾಕುವ ಕಡೆ ಆರು ಬೀಜ ಹಾಕಿದಳು, ಅದೂ ತಿಪ್ಪೆಯ ಅಂಚಿಗೆ. ತಿಪ್ಪೆಯ ಗೊಬ್ಬರ, ಮೇಲೆ ಒಳ್ಳೆಯ ಮಳೆ. ಆರಕ್ಕೆ ಆರೂ ಹುಟ್ಟಿದವು. ಬಳ್ಳಿ ಬೇಲಿ ಹತ್ತಿತು, ಕೊಟ್ಟಿಗೆಯ ಹೆಂಚಿನ ಮೇಲೆ ಹೋಯಿತು, ಬಣವೆಯನ್ನು ಅಪ್ಪಿಕೊಂಡಿತು. ದಸರೆಯ ರಜೆಗೆ ನಾನು ಮನೆಗೆ ಹೋದಾಗ ಎಲ್ಲಿ ಎಲೆ ಸರಿಸಿದರೂ ಅಲ್ಲೊಂದು ಕಾಯಿ. ಎಲ್ಲವನ್ನೂ ಕೊಯ್ದು ಜಗಲಿಯಲ್ಲಿ ಸಾಲಾಗಿ ಇಟ್ಟಾಗ 41 ಆದವು. ಅಪ್ಪ ಅವುಗಳನ್ನು ನೋಡುತ್ತ, "ಇದೇನು ಮಗ, ಮನೆಯಲ್ಲಿ ನಾವಿರೋದೋ, ಇವಿರೋದೋ?" ಎಂದ.

ಅರ್ಥಶಾಸ್ತ್ರ ಓದಿದ ನಾನು ತಟ್ಟನೆ ಉತ್ತರ ಹೇಳಿದೆ: "ಮಾರಿಬಿಡು ಅಪ್ಪ." ಅಪ್ಪ 20 ಕಾಯಿಗಳನ್ನು ಟೆಂಪೋದಲ್ಲಿ ಹಾಕಿಕೊಂಡು ಪಟ್ಟಣಕ್ಕೆ ಹೋದ. ಆ ವಾರ ಎಲ್ಲರ ತಿಪ್ಪೆಯ ಮೇಲೂ ಕುಂಬಳ ಬೆಳೆದಿತ್ತೆಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ವ್ಯಾಪಾರಿ ಚಿಕ್ಕ ಕಾಯಿಗಳನ್ನು 11 ಆರಿಸಿಕೊಂಡು, ದಪ್ಪನೆಯ 9 ಕಾಯಿಗಳನ್ನು ಪಕ್ಕಕ್ಕೆ ತಳ್ಳಿದನಂತೆ. "ಈ ಗಾತ್ರದ್ದನ್ನ ಇಡಿಯಾಗಿ ಯಾರು ಕೊಳ್ತಾರೆ ಗೌಡ್ರೆ? ಹೋಳು ಮಾಡಿದರೆ ಸಂಜೆಗೆ ಬಾಡುತ್ತೆ." ಆ ಮಾತಿನಲ್ಲಿ ಸುಳ್ಳಿಲ್ಲ. ಪಟ್ಟಣದ ಮನೆಯಲ್ಲಿ ಈಗ ಮೂರೋ ನಾಲ್ಕೋ ಜನ. ಅವರಿಗೆ ಏಳು ಕಿಲೋ ಕುಂಬಳಕಾಯಿ ಒಂದು ಶಿಕ್ಷೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಎರಡು ಮೂರು ಕಿಲೋ ತೂಗುವ ಅರ್ಕಾ ಚಂದನ್, ಸುಮಾರು ಒಂದು ಕಿಲೋದ ಅರ್ಕಾ ಸೂರ್ಯಮುಖಿ ಎಂಬ ತಳಿಗಳನ್ನು ಹೊರತಂದಿರುವುದು ಚಿಕ್ಕ ಸಂಸಾರಕ್ಕೆ ಬಹಳ ಅನುಕೂಲ. ಆದರೆ ಅವ್ವನ ಬೀಜ ಅವಳ ತವರಿನಿಂದ ಬಂದದ್ದು. ಅದಕ್ಕೆ ಚಿಕ್ಕ ಸಂಸಾರದ ಸುದ್ದಿ ಇನ್ನೂ ಮುಟ್ಟಿಲ್ಲ. ಅಂತೂ 11 ಕಾಯಿ 38 ಕಿಲೋ ತೂಗಿ, ಕಿಲೋಗೆ 6 ರೂಪಾಯಿಯಂತೆ 228 ರೂಪಾಯಿ ಬಂತು. ಟೆಂಪೋ ಬಾಡಿಗೆ 200. ಉಳಿದ 28 ರೂಪಾಯಿಯಲ್ಲಿ ಅಪ್ಪ ಒಂದು ಲೋಟ ಟೀ ಕುಡಿದು, ತಳ್ಳಲ್ಪಟ್ಟ ಒಂಬತ್ತು ಕಾಯಿಗಳ ಸಮೇತ ಮನೆಗೆ ಬಂದ. ನನ್ನ ಅರ್ಥಶಾಸ್ತ್ರ ಅಲ್ಲಿಗೆ ಮುಗಿಯಿತು. ಅವ್ವನದು ಅಲ್ಲಿಂದ ಮೊದಲಾಯಿತು.

ಅವಳು ಮಾಡಿದ ಮೊದಲ ಕೆಲಸ ಅಡಿಗೆಯಲ್ಲ, ವಿಂಗಡಣೆ. ಒಂದೊಂದು ಕಾಯಿಯ ಮೇಲೂ ಹೆಬ್ಬೆರಳಿನ ಉಗುರು ಒತ್ತಿ ನೋಡಿದಳು. ಉಗುರು ಇಳಿದರೆ ಎಳೆಯದು, ಇಳಿಯದಿದ್ದರೆ ಬಲಿತದ್ದು. ಎಳೆಯದು ಈ ವಾರಕ್ಕೆ. ಪೆಟ್ಟು ಬಿದ್ದದ್ದು, ತೊಟ್ಟು ಮುರಿದದ್ದು ಮುಂದಿನ ವಾರಕ್ಕೆ. ತೊಟ್ಟು ನಾಲ್ಕು ಬೆರಳಷ್ಟು ಉಳಿದಿರುವ, ಗಾಯವಿಲ್ಲದ, ಬಲಿತ ಕಾಯಿ ಮಾತ್ರ ಅಟ್ಟಕ್ಕೆ. ಅಟ್ಟಕ್ಕೆ ಏರಿಸುವ ಮುನ್ನ ಅವುಗಳಿಗೆ ಹತ್ತು ದಿನ ಜಗಲಿಯಲ್ಲಿ ಬಿಸಿಲು ಗಾಳಿ. ಹಾಗೆ ಕಾಯಿಸಿದರೆ ಸಿಪ್ಪೆ ಗಟ್ಟಿಯಾಗುತ್ತದೆ, ಸಣ್ಣ ಪುಟ್ಟ ಗೀರುಗಳು ಮಾಯುತ್ತವೆ. ಕೊಳೆ ಒಳಹೊಗುವುದಕ್ಕೆ ದಾರಿ ಉಳಿಯುವುದಿಲ್ಲ. ತೊಳೆಯಬಾರದು, ತೊಟ್ಟು ಹಿಡಿದು ಎತ್ತಬಾರದು, ಹುಲ್ಲಿನ ಮೇಲೆ ಒಂದಕ್ಕೊಂದು ತಾಗದಂತೆ ಇಡಬೇಕು, ಎಂಟು ದಿನಕ್ಕೊಮ್ಮೆ ಮುಟ್ಟಿ ನೋಡಿ, ಮೆತ್ತಗಾದದ್ದನ್ನು ಅಂದೇ ಇಳಿಸಬೇಕು. ಹೀಗೆ ಇಟ್ಟ ಕಾಯಿ ಎರಡು ಮೂರು ತಿಂಗಳು ಹಾಯಾಗಿ ಇರುತ್ತದೆ. ಕರಾವಳಿಯ ಕಡೆ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ತೊಲೆಗೆ ಸಾಲಾಗಿ ನೇತುಹಾಕುವುದೂ ಇದೇ ಲೆಕ್ಕಾಚಾರದ ಮೇಲೆ: ನೆಲದ ತೇವ ತಗಲಬಾರದು, ಸುತ್ತ ಗಾಳಿಯಾಡಬೇಕು. ವಿದ್ಯುಚ್ಛಕ್ತಿಯ ಖರ್ಚಿಲ್ಲದ ಶೀತಲಗೃಹವೆಂದರೆ ನಮ್ಮ ಅಟ್ಟವೇ. ಆದರೆ ಒಮ್ಮೆ ಹೋಳು ಮಾಡಿದ ಕಾಯಿ ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಫ್ರಿಜ್ಜಿನಲ್ಲಿಟ್ಟರೂ ನಾಲ್ಕೈದು ದಿನ ಅಷ್ಟೆ, ಅದೂ ತಿರುಳು ಬೀಜಗಳನ್ನು ಬಳಿದು ತೆಗೆದಿದ್ದರೆ.

ಎರಡನೆಯ ಕೆಲಸ ಹಂಚಿಕೆ. ನೆಂಟರಿಗೆ, ನೆರೆಯವರಿಗೆ 9. ಊರ ಶಾಲೆಯ ಬಿಸಿಯೂಟಕ್ಕೆ 6. ಕೊಡುವುದರಲ್ಲೂ ಅವಳದೊಂದು ಕ್ರಮವಿತ್ತು. ಕುಂಬಳ ಬೆಳೆದವರ ಮನೆಗೆ ಕುಂಬಳ ಕೊಟ್ಟು ಅವರನ್ನು ಪೇಚಿಗೆ ಸಿಕ್ಕಿಸಲಿಲ್ಲ. ಹಿತ್ತಲಿಲ್ಲದವರು ಯಾರು, ಮನೆಯಲ್ಲಿ ಮಕ್ಕಳು ಹೆಚ್ಚಿರುವುದು ಎಲ್ಲಿ ಎಂದು ನೋಡಿ ಕೊಟ್ಟಳು. ಒಂಟಿಯಾಗಿರುವ ಒಬ್ಬ ಅಜ್ಜಿಗೆ ಇಡೀ ಕಾಯಿ ಕೊಡದೆ, ಪ್ರತಿ ಸಲ ನಮ್ಮ ಮನೆಯಲ್ಲಿ ಒಡೆದಾಗ ಒಂದು ಹೋಳು ಕಳಿಸಿದಳು.

ಆಮೇಲೆ ಉಳಿದ ಪ್ರಶ್ನೆಯೇ ದೊಡ್ಡದು. ನಾವು ಮನೆಯಲ್ಲಿ ನಾಲ್ವರು. ದಿನವೂ ಕುಂಬಳಕಾಯಿ ತಿನ್ನುವುದು ಹೇಗೆ? ಪ್ರಥಮ ವರ್ಷದ ತರಗತಿಯಲ್ಲಿ ನಮ್ಮ ಅರ್ಥಶಾಸ್ತ್ರದ ಅಧ್ಯಾಪಕರು ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ಕಿತ್ತಳೆ ಹಣ್ಣಿನ ಉದಾಹರಣೆಯಿಂದ ಬೋಧಿಸಿದ್ದರು. ಹಸಿದವನಿಗೆ ಮೊದಲ ಹಣ್ಣು ಅಮೃತ, ಎರಡನೆಯದು ರುಚಿ, ಮೂರನೆಯದು ಸಾಕು, ನಾಲ್ಕನೆಯದು ಬೇಡ. ಕಿತ್ತಳೆಯ ಬದಲು ಕುಂಬಳಕಾಯಿಯ ಹುಳಿಯನ್ನು ಹಾಕಿಕೊಂಡರೆ ನಿಯಮ ಇನ್ನೂ ಬೇಗ ಮನದಟ್ಟಾಗುತ್ತದೆ. ಮಾರ್ಷಲ್ ಮಹಾಶಯರು 1890ರ ತಮ್ಮ ಗ್ರಂಥದಲ್ಲಿ ವಿವರಿಸಿರುವ ಈ ನಿಯಮವನ್ನು ನಮ್ಮ ವಿದ್ಯಾರ್ಥಿನಿಲಯದ ಊಟದ ಮನೆ ಪ್ರತಿ ವಾರವೂ ಸಪ್ರಮಾಣವಾಗಿ ಸಾಧಿಸಿ ತೋರಿಸುತ್ತಿದೆ. ಆದರೆ ಅಧ್ಯಾಪಕರು ಒಂದು ಮಾತನ್ನು ಒತ್ತಿ ಹೇಳಿದ್ದರು, ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಮರೆತಿದ್ದೆವು: ಸರಕಿನ ಘಟಕಗಳೆಲ್ಲ ಏಕರೂಪವಾಗಿರಬೇಕು. ಏಕರೂಪವಾಗಿರದಿದ್ದರೆ ನಿಯಮ ನಿಲ್ಲುವುದಿಲ್ಲ. ಅವ್ವ ಶಾಲೆಗೆ ಹೋದದ್ದು ಐದನೆಯ ತರಗತಿಯವರೆಗೆ. ಆದರೂ ಅವಳು ಹಿಡಿದದ್ದು ಆ ಒಂದು ಎಳೆಯನ್ನೇ. ಅವಳ ಕೈಯಲ್ಲಿ ಕುಂಬಳಕಾಯಿ ಒಂದು ಪದಾರ್ಥವಲ್ಲ; ಹತ್ತು ಹನ್ನೆರಡು ಪದಾರ್ಥಗಳ ಒಂದು ಗಂಟು.

ಅದು ಕಾಯಿ ಬಿಡುವ ಮುಂಚೆಯೇ ಮೊದಲಾಗುತ್ತದೆ. ಬಳ್ಳಿ ಅಳತೆ ಮೀರಿ ಹರಿದಾಗ ಕುಡಿ ಚಿವುಟಿ, ಎಳೆಯ ಎಲೆಯ ನಾರು ಸುಲಿದು, ಬೇರೆ ಸೊಪ್ಪುಗಳೊಡನೆ ಸೇರಿಸಿದರೆ ಬಸ್ಸಾರು. ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಕಾಯಿ ಕೂತಿರುತ್ತದೆ, ಗಂಡಿನದು ಬರಿಯ ಉದ್ದ ತೊಟ್ಟು. ಮೊದಲು ಅರಳುವುದು ಗಂಡು ಹೂಗಳೇ, ಅದೂ ಧಾರಾಳವಾಗಿ. ಪರಾಗಕ್ಕೆ ಬೇಕಾದಷ್ಟನ್ನು ಬಿಟ್ಟು ಉಳಿದ ಗಂಡು ಹೂಗಳನ್ನು ಹಿಟ್ಟಿನಲ್ಲಿ ಅದ್ದಿ ಕರಿದರೆ ಬಜ್ಜಿ. ಎಳೆಗಾಯಿಗೆ ಸಿಪ್ಪೆ ತೆಗೆಯುವ ಕೆಲಸವೇ ಇಲ್ಲ. ಸಣ್ಣಗೆ ಹೆಚ್ಚಿ ಒಗ್ಗರಣೆ ಹಾಕಿದರೆ ಪಲ್ಯ, ಅದರ ರುಚಿ ಬಲಿತ ಕುಂಬಳವನ್ನು ನೆನಪಿಗೇ ತರುವುದಿಲ್ಲ.

ಬಲಿತ ಕಾಯಿಯ ಮುಖ್ಯ ತೊಂದರೆ ಅದರ ಸಿಹಿ. ಸಿಹಿಯನ್ನು ಪ್ರತಿ ದಿನ ಬೇರೆ ಬೇರೆಯವರ ಜೊತೆ ಕೂರಿಸುವುದೇ ಅವ್ವನ ಜಾಣತನ. ಒಂದು ದಿನ ತೊಗರಿಬೇಳೆಯೊಡನೆ ಹುಳಿ, ಮುದ್ದೆಗೆ. ಇನ್ನೊಂದು ದಿನ ಗೊಜ್ಜು: ಹುರಿದ ಎಳ್ಳು, ಮೆಂತ್ಯ, ಒಣಮೆಣಸಿನಕಾಯಿ ಅರೆದು, ಹುಣಿಸೆಹಣ್ಣು ಸ್ವಲ್ಪ ಮುಂದಾಗಿ ಹಾಕಿದ್ದು. ಮತ್ತೊಂದು ದಿನ ಸಾಸಿವೆ: ಬೆಂದ ಹೋಳಿಗೆ ಹಸಿ ತೆಂಗಿನಕಾಯಿ, ಹಸಿ ಸಾಸಿವೆ ಅರೆದು ಮೊಸರು ಬೆರೆಸಿದ್ದು, ಮೂಗಿಗೆ ಏರುವ ಆ ಖಾರಕ್ಕೆ ಕುಂಬಳದ ಸಿಹಿಯೇ ಸರಿ. ತುರಿದು, ಹಸಿಮೆಣಸಿನಕಾಯಿ ಜೀರಿಗೆಯೊಡನೆ ಅಕ್ಕಿಹಿಟ್ಟಿಗೆ ಕಲಸಿದರೆ ರೊಟ್ಟಿ. ನೀರು ಹಾಕಬೇಕಾಗಿಲ್ಲ, ತುರಿಯ ನೀರೇ ಸಾಕು. ನೆನೆದ ಅಕ್ಕಿಯೊಡನೆ ರುಬ್ಬಿದರೆ ಮೆತ್ತನೆಯ ದೋಸೆ. ಅಕ್ಕಿತರಿ, ಬೆಲ್ಲ, ಕಾಯಿತುರಿ, ಏಲಕ್ಕಿ ಸೇರಿಸಿ ಎಲೆಯಲ್ಲಿ ಮಡಿಸಿ ಹಬೆಯಲ್ಲಿ ಬೇಯಿಸಿದರೆ ಕಡುಬು. ಹಬ್ಬ ಬಂದರೆ ಪಾಯಸ.

ಇಷ್ಟಾದ ಮೇಲೆಯೂ ಗಂಟು ಮುಗಿಯುವುದಿಲ್ಲ. ಸಿಪ್ಪೆಯನ್ನು ಉದ್ದಿನಬೇಳೆ ಮೆಣಸಿನಕಾಯಿಯೊಡನೆ ಹುರಿದು ಅರೆದರೆ ಚಟ್ನಿ. ನಾವು ಎಸೆಯುವ ನಾರುನಾರಾದ ತಿರುಳು ದೋಸೆಯ ಹಿಟ್ಟಿಗೆ. ಬೀಜ ತೊಳೆದು ಒಣಗಿಸಿ ಉಪ್ಪು ಹಾಕಿ ಹುರಿದರೆ ಸಂಜೆಯ ಬಾಯಾಟಕ್ಕೆ. ಎಲ್ಲಕ್ಕಿಂತ ಒಳ್ಳೆಯ ಕಾಯಿಯೊಂದರ ಬೀಜ ಮಾತ್ರ ಬೂದಿಯಲ್ಲಿ ಉಜ್ಜಿ ಒಣಗಿಸಿ ಮುಂದಿನ ವರ್ಷಕ್ಕೆ. ಯಾವುದೂ ಆಗದ ತುಂಡು ಹಸುವಿಗೆ. ಒಂದೇ ಒಂದು ಎಚ್ಚರಿಕೆ ಅವ್ವ ಹೇಳುವುದುಂಟು: ಹೆಚ್ಚುವ ಮೊದಲು ಒಂದು ಚೂರು ನಾಲಗೆಗೆ ಮುಟ್ಟಿಸಿ ನೋಡು, ಕಹಿಯಾಗಿದ್ದರೆ ಪೂರ್ತಿ ಎಸೆದುಬಿಡು, ಬೆಲ್ಲ ಹಾಕಿ ಮುಚ್ಚಿಹಾಕಬೇಡ. ಇದು ಸರಿಯಾದ ಮಾತು. ಕುಂಬಳದ ಜಾತಿಯ ಕಾಯಿಗಳಲ್ಲಿ ಅಪರೂಪಕ್ಕೆ ಕಾಣುವ ಆ ಕಹಿ ಹೊಟ್ಟೆಗೆ ವಿಷವೇ.

ಇದು ನಮ್ಮ ಮನೆಯೊಂದರ ಜಾಣತನವೆಂದು ಯಾರೂ ತಿಳಿಯಬಾರದು. ನನ್ನ ಕೋಣೆಯ ಧಾರವಾಡದ ಕಡೆಯ ಮಿತ್ರರು ಹೇಳುವಂತೆ ಅವರ ಮನೆಯಲ್ಲಿ ಕುಂಬಳಕಾಯಿ ಮಿಕ್ಕಿತೆಂದರೆ ಗಾರಿಗೆ. ತುರಿಯನ್ನು ಬೆಲ್ಲದೊಡನೆ ಬೇಯಿಸಿ, ಅದರಲ್ಲೇ ಗೋಧಿಹಿಟ್ಟು ಕಲಸಿ, ಗಸಗಸೆ ಒತ್ತಿ ಕರಿಯುವುದು. ನಾಲ್ಕು ದಿನ ಇಟ್ಟುಕೊಂಡು ತಿನ್ನಬಹುದು, ಊರಿಗೆ ಕಟ್ಟಿಕೊಂಡು ಹೋಗಬಹುದು. ಅವರು ರಜೆ ಮುಗಿಸಿ ಬರುವಾಗ ತಂದ ಗಾರಿಗೆಯ ಡಬ್ಬಿಯನ್ನು ನಾವೆಲ್ಲ ಮುಗಿಬಿದ್ದು ಖಾಲಿ ಮಾಡಿದೆವು. ಅದು ಕುಂಬಳಕಾಯಿ ಎಂದು ಯಾರಿಗೂ ನಾಚಿಕೆಯಾಗಲಿಲ್ಲ. ಇಡೀ ಕಾಯಿಯನ್ನು ಕಂಡರೆ ಮಾತ್ರ ನಾಚಿಕೆ. ಇಲ್ಲಿಗೆ ನನ್ನ ತಪ್ಪಿನ ಕಥೆ ಬಂತು.

ದೀಪಾವಳಿ ಮುಗಿಸಿ ಹೊರಡುವಾಗ ಅವ್ವ ಚೀಲದಲ್ಲಿ ಎರಡು ಕಾಯಿ ಹಾಕಿ, "ನಿಮ್ಮ ಹಾಸ್ಟೆಲ್ನಾಗೆ ಕೊಡು, ಹುಡುಗರು ತಿಂತಾರೆ" ಎಂದಳು. ಬಸ್ಸಿನಲ್ಲಿ ಕೂತಮೇಲೆ ನನಗೆ ಆ ಚೀಲದ ಯೋಚನೆ ಹತ್ತಿತು. ವಿದ್ಯಾರ್ಥಿನಿಲಯದ ಬಾಗಿಲಲ್ಲಿ ಎರಡು ಕುಂಬಳಕಾಯಿ ಹೊತ್ತು ಇಳಿಯುವ ನನ್ನನ್ನು ಕಂಡು ಯಾರು ಯಾರು ಏನೇನು ಅನ್ನುತ್ತಾರೆಂದು ಒಬ್ಬೊಬ್ಬರ ಧ್ವನಿಯಲ್ಲೂ ಕೇಳಿಸತೊಡಗಿತು. ನಿಲ್ದಾಣ ಬಂತು. ನಾನು ಪುಸ್ತಕದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಇಳಿದೆ. ಕುಂಬಳಕಾಯಿಯ ಚೀಲ ಸೀಟಿನ ಕೆಳಗೆ ಉಳಿಯಿತು. ಮರೆತೆ ಎಂದು ಬರೆಯಬಹುದಿತ್ತು, ಮರೆತಿರಲಿಲ್ಲ.

ಆ ರಾತ್ರಿ ಅವ್ವ ಫೋನು ಮಾಡಿದಳು. "ಕಾಯಿ ಕೊಟ್ಟೇನೋ ಮಗ?" ಎಂದಳು. ಕೊಟ್ಟೆ ಅಂದೆ. ಎರಡು ದಿನ ಬಿಟ್ಟು ಮತ್ತೆ ಕೇಳಿದಳು, "ಹೆಂಗಿತ್ತಂತೆ?" "ಬಾಳ ಚೆನ್ನಾಗಿತ್ತು ಕಣವ್ವ, ಎಲ್ಲಾರೂ ಕೇಳಿ ಕೇಳಿ ಹಾಕಿಸ್ಕೊಂಡ್ರು." ಸುಳ್ಳು ಹೇಳುವವನು ಅಳತೆ ಮೀರಬಾರದೆಂಬುದನ್ನು ನಾನು ಅಂದು ಕಲಿತೆ. ಅವ್ವನ ಧ್ವನಿ ಅರಳಿತು. "ಹಂಗಾರೆ ಇನ್ನು ನಾಕು ತೆಗೆದಿಟ್ಟಿರ್ತೀನಿ. ಒಳ್ಳೇವೇ ಇಟ್ಟಿರ್ತೀನಿ. ಮುಂದಿನ ಸಲ ಬಂದಾಗ ತಗೊಂಡ್ ಹೋಗು."

ನವೆಂಬರ್ ಕೊನೆಯಲ್ಲಿ ನಾನು ಊರಿಗೆ ಹೋದಾಗ ಅಟ್ಟದಿಂದ ಇಳಿಸಿದ ನಾಲ್ಕು ಕಾಯಿ ಬಾಗಿಲ ಬಳಿ ಕಾದಿದ್ದವು. ಅಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪ ಯಾವುದೋ ಮಾತಿಗೆ, ಊರಿನ ಯಾರನ್ನೋ ಕುರಿತು, "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ" ಎಂಬ ಗಾದೆ ಹೇಳಿದ. ಗಾದೆಯ ಕಳ್ಳ ಕದ್ದದ್ದು ಬೂದುಗುಂಬಳ. ಹೆಗಲಿಗೆ ಬೂದಿ ಅಂಟಿದೆಯೇನೋ ಎಂದು ಅವನು ಮುಟ್ಟಿ ನೋಡಿಕೊಂಡ. ನನ್ನದು ಸಿಹಿಗುಂಬಳ, ಬೂದಿಯಿಲ್ಲ. ಆದರೂ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಆ ಎರಡು ಕಾಯಿಗಳನ್ನು ಒಬ್ಬಳು ಉಗುರೊತ್ತಿ ಆರಿಸಿ, ಹತ್ತು ದಿನ ಬಿಸಿಲಿಗೆ ಹಾಕಿ, ವಾರಕ್ಕೊಮ್ಮೆ ಮುಟ್ಟಿ ನೋಡಿ ಕಾಪಾಡಿದ್ದಳು. ನಾನು ಕದ್ದದ್ದು ಕಾಯನ್ನಲ್ಲ, ಆ ನಿಗಾವನ್ನು.

ಈ ಸಲ ನಾಲ್ಕನ್ನೂ ಹೊತ್ತು ತಂದೆ. ನಗುವವರು ನಕ್ಕರು. ಅಡಿಗೆಯ ಅಣ್ಣ, "ಏನಪ್ಪಾ, ದೃಷ್ಟಿ ತೆಗೆಯೋಕೆ ತಂದ್ಯಾ?" ಎಂದರು. ಹುಳಿಗೆ ಅಂದೆ. "ಹುಳಿ ನಾನು ಮಾಡ್ತೀನಿ. ಹೆಚ್ಚೋರು ಯಾರು?" ಎಂದರು. ಪ್ರಶ್ನೆ ನ್ಯಾಯವಾದದ್ದು. ನಾವು ನಾಲ್ವರು ಕೂತೆವು. ಅರ್ಧ ಗಂಟೆಯಲ್ಲಿ ಒಬ್ಬ ಬೆರಳು ಕೊಯ್ದುಕೊಂಡ, ಇಬ್ಬರ ಅಂಗೈ ಕೆಂಪಾಯಿತು. ಅಷ್ಟರಲ್ಲಿ ಮುಗಿದದ್ದು ಒಂದು ಕಾಯಿ. ಬಲಿತ ಕುಂಬಳದ ಸಿಪ್ಪೆ ಎಂಥದೆಂದು ಊಟದೆಲೆಯಲ್ಲಿ ಹೋಳು ಕಂಡವರಿಗೆ ತಿಳಿಯುವುದಿಲ್ಲ. ನಾಲ್ಕು ಕಾಯಿ ಒಟ್ಟು 24 ಕಿಲೋ. ಅರವತ್ತು ಜನಕ್ಕೆ ಎರಡು ಹೊತ್ತಿನ ಅಡಿಗೆಗೆ, ತಲೆಗೆ 200 ಗ್ರಾಂನಂತೆ, ಲೆಕ್ಕ ಸರಿಹೋಯಿತು. ಮೊದಲ ದಿನ ಹುಳಿ. ಎರಡನೆಯ ದಿನ ನಾನು ಅವ್ವನನ್ನು ಫೋನಿನಲ್ಲಿ ಕೇಳಿ ಕೇಳಿ ಹೇಳಿದಂತೆ ಅಣ್ಣ ಗೊಜ್ಜು ಮಾಡಿದರು. ಗೊಜ್ಜು ಸಂಜೆಯ ಮುಂಚೆ ಮುಗಿಯಿತು. ಅವ್ವನಿಗೆ ಹೇಳಿದ್ದ ಸುಳ್ಳು ಹೀಗೆ ತಡವಾಗಿ ನಿಜವಾಯಿತು. ಮೊದಲಿನ ಎರಡು ಕಾಯಿಯ ವಿಷಯವನ್ನು ಅವಳಿಗೆ ಇನ್ನೂ ಹೇಳಿಲ್ಲ. ಈ ಸಂಚಿಕೆಯನ್ನು ಮನೆಗೆ ಕೊಂಡುಹೋದಾಗ ಓದಿ ಹೇಳಬೇಕಾದೀತು.

ಕಥೆ ಸಾಕು; ಅಭಿಪ್ರಾಯಕ್ಕೆ ಬರುತ್ತೇನೆ. ಕೆಲವರು ಕೇಳಬಹುದು: ಅಷ್ಟು ಬೆಳೆಯುವುದೇಕೆ, ಆಮೇಲೆ ಪರದಾಡುವುದೇಕೆ? ಇದಕ್ಕೆ ಉತ್ತರ 2023ರಲ್ಲಿದೆ. ಹಿತ್ತಲು ಕಾರ್ಖಾನೆಯಲ್ಲ, ಬೀಜ ಹಾಕುವ ದಿನ ಮಳೆ ಯಾರ ಕೈಯಲ್ಲೂ ಇಲ್ಲ. ಎರಡು ಬೀಜ ಹಾಕಿದರೆ ಕೆಟ್ಟ ವರ್ಷ ಏನೂ ಇಲ್ಲ; ಆರು ಹಾಕಿದರೆ ಒಳ್ಳೆಯ ವರ್ಷ ಜಗಲಿ ತುಂಬುತ್ತದೆ. ಹೆಚ್ಚಾಗುವುದೆಂಬುದು ಇಲ್ಲದೆಹೋಗುವುದರ ವಿರುದ್ಧ ಕಟ್ಟಿದ ವಿಮೆ. ವಿಮೆಯ ಕಂತಿನಂತೆ ಅದನ್ನು ಸಂತೋಷದಿಂದ ತಿಂದು ತೀರಿಸಬೇಕು. ಇನ್ನು ಕೆಲವರು, ಕುಂಬಳದಲ್ಲಿ ಸತ್ವವೇನಿದೆ, ಬರೀ ನೀರು, ಎನ್ನುತ್ತಾರೆ. 100 ಗ್ರಾಂ ಹಸಿ ಕುಂಬಳದಲ್ಲಿ 90 ಗ್ರಾಮಿಗಿಂತ ಹೆಚ್ಚು ನೀರೇ, ನಿಜ. ಆದರೆ ಆ ಕೇಸರಿ ಬಣ್ಣ ಬೀಟಾ ಕ್ಯಾರೊಟೀನಿನದು. ದೇಹ ಅದರಿಂದ ಎ ಜೀವಸತ್ವವನ್ನು ಮಾಡಿಕೊಳ್ಳುತ್ತದೆ, ಕಣ್ಣಿಗೆ ಬೇಕಾದದ್ದು ಅದೇ. ಅದು ಮೈಗೆ ಹತ್ತಬೇಕಾದರೆ ಜೊತೆಗೆ ಒಂದಿಷ್ಟು ಜಿಡ್ಡು ಇರಬೇಕು. ಒಗ್ಗರಣೆಯ ಎಣ್ಣೆಯನ್ನೂ ಅರೆದ ತೆಂಗಿನಕಾಯನ್ನೂ ನಮ್ಮ ಹಿರಿಯರು ರುಚಿಗೆಂದು ಹಾಕಿದರೂ ಅದರಿಂದ ಆಗುತ್ತಿದ್ದ ಉಪಕಾರ ಬೇರೆಯೇ ಇತ್ತು.

ಆದರೆ ಮೂರನೆಯ ಆಕ್ಷೇಪಣೆಯೊಂದಿದೆ. ಅದನ್ನು ನಾನೇ ಎತ್ತುತ್ತೇನೆ, ಏಕೆಂದರೆ ಅದಕ್ಕೆ ನನ್ನಲ್ಲಿ ಸುಲಭವಾದ ಉತ್ತರವಿಲ್ಲ. ಅವ್ವನ ವಿದ್ಯೆಯನ್ನು ಇಷ್ಟು ಹೊಗಳುವ ನಾನು ಅವಳ ದುಡಿಮೆಯನ್ನು ಲೆಕ್ಕ ಹಾಕಿದ್ದೇನೆಯೇ? ಒಂದೇ ಪದಾರ್ಥವನ್ನು ಹನ್ನೆರಡು ರೂಪದಲ್ಲಿ ಮಾಡುವುದೆಂದರೆ ಹನ್ನೆರಡು ಸಲ ಸಿಪ್ಪೆ ಕೆತ್ತುವುದು, ತುರಿಯುವುದು, ಅರೆಯುವುದು. ಈಳಿಗೆಮಣೆಯ ಮೇಲೆ ಕೂತು ಕೂತು ಅವಳ ತೋರುಬೆರಳಿನ ಪಕ್ಕ ಕಟ್ಟಿರುವ ಗಡಸನ್ನು ನಾನು ನೋಡಿದ್ದು, ನನ್ನ ಅಂಗೈ ಕೆಂಪಾದ ಮೇಲೆ. ನಮ್ಮ ಕಡೆ ಒಂದು ನಂಬಿಕೆಯಿದೆ: ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕಬಾರದು, ಗಂಡಸರೇ ಹಾಕಬೇಕು. ಚಿಕ್ಕಂದಿನಿಂದ ಆ ಏಟು ಹಾಕುವುದಕ್ಕೆ ನನ್ನನ್ನು ಕರೆಯುತ್ತಿದ್ದರು. ನಾನು ಕತ್ತಿ ಹಿಡಿದು ಬಂದು, ಒಂದೇಟು ಹಾಕಿ, ದೊಡ್ಡ ಕೆಲಸ ಮಾಡಿದವನಂತೆ ಆಟಕ್ಕೆ ಓಡುತ್ತಿದ್ದೆ. ಒಡೆದ ಕಾಯಿಯ ಮುಂದಿನ ಎರಡು ಗಂಟೆಯ ಕೆಲಸ ಅವ್ವನದು. ಗಂಡು ಮಕ್ಕಳ ಅಡಿಗೆಮನೆಯ ಸೇವೆಯೆಲ್ಲ ಆ ಒಂದು ಏಟಿನಲ್ಲೇ ಮುಗಿಯುತ್ತಿದ್ದ ಕಾಲ ಹೋಗಬೇಕು. ಹೊಗಳಿಕೆಯಿಂದ ಯಾವ ವಿದ್ಯೆಯೂ ಉಳಿಯುವುದಿಲ್ಲ. ಕೈಯಿಂದ ಕೈಗೆ ದಾಟಿದರೆ ಉಳಿಯುತ್ತದೆ.

ಕನ್ನಡದಲ್ಲಿ "ಹೆಚ್ಚು" ಎಂಬ ಮಾತಿಗೆ ಎರಡು ಅರ್ಥ: ಅಧಿಕವಾಗುವುದು ಒಂದು, ಹೋಳು ಮಾಡುವುದು ಇನ್ನೊಂದು. ಕುಂಬಳಕಾಯಿ ಹೆಚ್ಚಿದರೆ ಕುಂಬಳಕಾಯಿ ಹೆಚ್ಚುವವರೂ ಹೆಚ್ಚಬೇಕು. ಆದ್ದರಿಂದ ಸಹಪಾಠಿಗಳಲ್ಲಿ ನನ್ನದು ಎರಡೇ ಸಲಹೆ. ಒಂದು: ಊರಿನಿಂದ ಬರುವಾಗ ಮನೆಯಲ್ಲಿ ಮಿಕ್ಕದ್ದನ್ನು, ಅದು ಕುಂಬಳವಾಗಲಿ, ಸೌತೆಯಾಗಲಿ, ಬಾಳೆಯಾಗಲಿ, ತರೋಣ, ವಿದ್ಯಾರ್ಥಿನಿಲಯದಲ್ಲಿ ವಾರಕ್ಕೊಂದು ಹೊತ್ತು ಅದರದೇ ಅಡಿಗೆಯಾಗಲಿ, ತಂದವನೇ ನಾಲ್ವರನ್ನು ಸೇರಿಸಿಕೊಂಡು ಹೆಚ್ಚಿಕೊಡಲಿ. ಎರಡು: ರಜೆಯಲ್ಲಿ ಮನೆಯಲ್ಲಿದ್ದಾಗ, ಮಿಕ್ಕದ್ದನ್ನು ಮುಗಿಸುವ ಒಂದಾದರೂ ವಿಧಾನವನ್ನು ತಾಯಂದಿರಿಂದ, ಅಜ್ಜಿಯರಿಂದ ಕೇಳಿ, ಮಾಡಿ ಕಲಿತು ಬರೋಣ. ಬರೆದುಕೊಂಡರಷ್ಟೇ ಸಾಲದು, ಮೆಂತ್ಯ ಎಷ್ಟು ಕೆಂಪಗಾದಾಗ ಇಳಿಸಬೇಕೆಂಬುದು ಟಿಪ್ಪಣಿಯಲ್ಲಿ ಬರುವುದಿಲ್ಲ. ಅಧ್ಯಾಪಕ ಮಹನೀಯರಲ್ಲೂ ಒಂದು ವಿನಂತಿ: ಮುಂದಿನ ವರ್ಷದ ಪ್ರಥಮ ವರ್ಷದವರಿಗೆ ತುಷ್ಟಿಗುಣದ ಪಾಠವನ್ನು ಕಿತ್ತಳೆಯ ಬದಲು ಕುಂಬಳಕಾಯಿಯಿಂದ ಬೋಧಿಸಿ, ಏಕರೂಪ ಎಂಬ ಶಬ್ದದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು.

ಕೊನೆಯದಾಗಿ ನಮ್ಮ ಮನೆಯ ಆ ವರ್ಷದ ಲೆಕ್ಕ, ಪರಿಶೀಲನೆಗಾಗಿ. ಒಟ್ಟು ಕಾಯಿ 41. ಮಾರಿದ್ದು 11, ನೆಂಟರಿಗೂ ನೆರೆಯವರಿಗೂ 9, ಶಾಲೆಗೆ 6, ವಿದ್ಯಾರ್ಥಿನಿಲಯಕ್ಕೆ 4, ಮನೆಯಲ್ಲಿ ತಿಂದದ್ದು 7, ಬೀಜಕ್ಕೆ 1, ಅಟ್ಟದಲ್ಲಿ ಕೊಳೆತದ್ದು 1. ಉಳಿದ ಎರಡನ್ನು ಬಸ್ಸಿನಲ್ಲಿ ಯಾರು ಕಂಡರೋ, ಯಾರ ಮನೆಯ ಒಲೆಗೆ ಅವು ಹೋದವೋ, ನನಗೆ ತಿಳಿಯದು. ಅವರು ಅದನ್ನು ಹುಳಿಯನ್ನೋ ಗೊಜ್ಜನ್ನೋ ಮಾಡಿಕೊಂಡು ಉಂಡಿದ್ದರೆ ಸಾಕು.

— ಅಂತಿಮ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ